ಚಿತ್ರ ಮಾರುವ ಮೂರು ದಾರಿ: ನನ್ನ ಕೈ ಹಿಡಿದಿದ್ದು ಯಾವುದು?

ಗ್ಯಾಲರಿಯಲ್ಲಿ ಚಿತ್ರ ಮಾರಾಟವಾದರೆ ಅರ್ಧ ದುಡ್ಡು ಗ್ಯಾಲರಿಗೇ ಹೋಗುವುದು ಮಾಮೂಲು. ಕೊಂಡವರು ಯಾರು ಅಂತಲೂ ಎಷ್ಟೋ ಸಲ ನನಗೆ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಇಂಟರ್ನೆಟ್ ಕಡೆ ತಿರುಗಿದೆ.

ಮೊದಲು ಎಟ್ಸಿಯಲ್ಲಿ, ಅಂದರೆ ಕೈಕೆಲಸ, ಕಲಾಕೃತಿ ಮಾರುವ ಆನ್‌ಲೈನ್ ಮಾರುಕಟ್ಟೆಯಲ್ಲಿ, ಅಂಗಡಿ ತೆರೆದೆ. ಒಂದು ಚಿತ್ರವನ್ನು ಮಾರಾಟಕ್ಕಿಡಲು 20 ಸೆಂಟ್. ಮಾರಾಟವಾದರೆ ಶೇ. 6.5 ಕಮಿಷನ್, ಜೊತೆಗೆ ಹಣ ಪಾವತಿಯ ಶುಲ್ಕ. ಗ್ಯಾಲರಿಯ ಮುಂದೆ ಇದು ಏನೇನೂ ಅಲ್ಲ. ಆದರೆ ಪ್ಯಾಕ್ ಮಾಡುವುದು, ಪಾರ್ಸೆಲ್ ಕಳಿಸುವುದು, ಒಡೆದ ಫ್ರೇಮಿಗೆ ಉತ್ತರ ಕೊಡುವುದು ಎಲ್ಲ ನನ್ನ ತಲೆಗೇ. ವಾರದಲ್ಲಿ ಎರಡು ದಿನ ಕುಂಚ ಮುಟ್ಟಲೂ ಆಗುತ್ತಿರಲಿಲ್ಲ.

ಆರ್ಡರ್ ಬಂದ ಮೇಲೆ ಟೀ ಶರ್ಟಿನಂಥ ವಸ್ತುಗಳ ಮೇಲೆ ಚಿತ್ರ ಪ್ರಿಂಟ್ ಹಾಕಿ ಕಳಿಸುವ ಒಂದು ಕಂಪನಿಯನ್ನೂ ನೋಡಿದೆ. ಕೆಲಸ ಕಡಿಮೆ, ನಿಜ. ಆದರೆ ನನ್ನ ಕಡುನೀಲಿ ಅಲ್ಲಿ ಬೂದು ಬಣ್ಣವಾಗಿ ಬಂತು. ಒಂದು ಟೀ ಶರ್ಟಿಗೆ ನನಗೆ ಉಳಿಯುತ್ತಿದ್ದದ್ದೂ ಚಿಲ್ಲರೆ. ಎರಡೇ ತಿಂಗಳಿಗೆ ಬಿಟ್ಟೆ.

ಮೂರನೆಯದು ಪೇಟ್ರಿಯಾನ್, ಕಲಾವಿದರಿಗೆ ಅಭಿಮಾನಿಗಳು ನೇರವಾಗಿ ದುಡ್ಡು ಕೊಡುವ ವೆಬ್‌ಸೈಟ್. 2013ರಲ್ಲಿ ಇದನ್ನು ಶುರು ಮಾಡಿದವರಲ್ಲಿ ಒಬ್ಬರು ಜಾಕ್ ಕಾಂಟೆ, ಸ್ವತಃ ಸಂಗೀತಗಾರ. ತಮ್ಮ ಸಂಗೀತದ ವಿಡಿಯೊಗೆ ಸುರಿದ ದುಡ್ಡು ಜಾಹೀರಾತಿನಿಂದ ವಾಪಸ್ ಬರುವುದಿಲ್ಲ ಅನ್ನುವ ಕಷ್ಟ ಅವರಿಗೆ ಗೊತ್ತಿತ್ತು. ಇಲ್ಲಿ ಜನ ಒಂದು ಚಿತ್ರ ಕೊಳ್ಳುವ ಬದಲು ತಿಂಗಳು ತಿಂಗಳು ಇಷ್ಟು ಅಂತ ಕೊಡುತ್ತಾರೆ. ಹೊಸದಾಗಿ ಸೇರುವ ಕಲಾವಿದರಿಂದ ಈಗ ಶೇ. 10 ಹಿಡಿಯುತ್ತಾರೆ. ಎಟ್ಸಿಗಿಂತ ಜಾಸ್ತಿಯೇ. ಆದರೂ ನನಗೆ ಒಗ್ಗಿದ್ದು ಇದೇ.

ಮುಗಿದ ಚಿತ್ರಕ್ಕಿಂತ ಕರಡು ಗೆರೆಗಳನ್ನು, ಕೆಟ್ಟುಹೋದ ಪ್ರಯತ್ನಗಳನ್ನು ಜನ ಹೆಚ್ಚು ಇಷ್ಟಪಟ್ಟರು. ಬಣ್ಣ ಯಾಕೆ ಬದಲಿಸಿದಿರಿ ಅಂತ ಕೇಳಿದರು. ಇಂಥ ಮಾತು ಗ್ಯಾಲರಿಯಲ್ಲಿ ನನಗೆ ಸಿಕ್ಕೇ ಇರಲಿಲ್ಲ. ಕಷ್ಟವೂ ಇದೆ. ಜ್ವರ ಬಂದು ಮಲಗಿದ ತಿಂಗಳು ಏನೂ ಹಾಕಲಿಲ್ಲ, ಸುಮಾರು ಜನ ಬಿಟ್ಟುಹೋದರು. ಬೇಸರವಾಯಿತು, ಆದರೆ ಅವರದ್ದು ತಪ್ಪಲ್ಲ ಅಲ್ವಾ?

ನಾನು ತಡವಾಗಿ ಗಮನಿಸಿದ ವ್ಯತ್ಯಾಸ ಇನ್ನೊಂದಿದೆ. ಎಟ್ಸಿಯಲ್ಲಿ ಕೊಂಡವರಿಗೆ, ಅವರು ಒಪ್ಪದೆ, ನನ್ನ ಹೊಸ ಚಿತ್ರದ ಪ್ರಚಾರದ ಮೇಲ್ ಕಳಿಸುವಂತಿಲ್ಲ. ಪೇಟ್ರಿಯಾನ್‌ನಲ್ಲಿ ಸದಸ್ಯರ ಇಮೇಲ್ ಪಟ್ಟಿಯನ್ನು ಇಳಿಸಿಕೊಳ್ಳಬಹುದು. ನಾಳೆ ಕಮಿಷನ್ ಏರಿದರೂ, ನಾನೇ ಬೇರೆ ಕಡೆ ಹೋದರೂ, ನನ್ನ ಚಿತ್ರ ಮೆಚ್ಚುವವರಿಗೆ ವಿಷಯ ತಿಳಿಸಬಲ್ಲೆ.

ಈಗ ಮನೆ ಬಾಡಿಗೆ ಸದಸ್ಯರ ದುಡ್ಡಿನಲ್ಲಿ ನಡೆಯುತ್ತದೆ. ಎಟ್ಸಿ ಅಂಗಡಿಯನ್ನು ಮುಚ್ಚಿಲ್ಲ. ವರ್ಷಕ್ಕೆ ಎರಡು ಸಲ ಮಾತ್ರ ಮೂಲ ಚಿತ್ರಗಳನ್ನು ಅಲ್ಲಿಡುತ್ತೇನೆ.