ಕೋಲ್ಡ್ ಸ್ಟೋರೇಜ್ ಲೆಕ್ಕಕ್ಕೆ ಮೈಕ್ರೋಸಾಫ್ಟ್ ಆ್ಯಕ್ಸೆಸ್ ವರದಿಗಳು

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ಬೆಳೆಗಾರರು ಒಣದ್ರಾಕ್ಷಿಯ ಬಾಕ್ಸ್‌ಗಳನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು, ದರ ನೋಡಿಕೊಂಡು ಸಾಂಗಲಿ, ತಾಸಗಾಂವದ ಪೇಟೆಗೆ ಕಂತುಕಂತಾಗಿ ಕಳಿಸುತ್ತಾರೆ. ಹೀಗಾಗಿ ರೈತರು ಕಚೇರಿಗೆ ಬಂದಾಗ ಕೇಳುವುದು ಆವಕ (ಒಳಬಂದ ಮಾಲು) ಎಷ್ಟು, ಜಾವಕ (ಹೊರಹೋದ ಮಾಲು) ಎಷ್ಟು, ಉಳಿದ ಶಿಲ್ಕು ಎಷ್ಟು ಎಂಬುದನ್ನು ತಾರೀಖಿನ ಪ್ರಕಾರ ತೋರಿಸುವ ಒಂದು ಹಾಳೆಯನ್ನು. ಆ ಹಾಳೆಯನ್ನು ನಮಗೆ ಬೇಕಾದ ರೂಪದಲ್ಲಿ ಮುದ್ರಿಸಿಕೊಳ್ಳಲು ಮೈಕ್ರೋಸಾಫ್ಟ್ ಆ್ಯಕ್ಸೆಸ್ ಸಮರ್ಥವಾದ ಡೇಟಾಬೇಸ್ ತಂತ್ರಾಂಶ. ಆದರೆ ಅದರ ಸಾಮರ್ಥ್ಯವಿರುವುದು ಹೊಸಬರು ಮೊದಲು ಒತ್ತುವ, ವರದಿಯನ್ನು ತಾನಾಗಿಯೇ ಸಿದ್ಧಪಡಿಸಿಕೊಡುವ ರಿಪೋರ್ಟ್ ವಿಝಾರ್ಡ್‌ನಲ್ಲಲ್ಲ.

ವಿಝಾರ್ಡ್ ಕೊಡುವ ವರದಿಯಲ್ಲಿ ಹೆಸರುಗಳು ಅರ್ಧಕ್ಕೆ ಕತ್ತರಿಸಿಹೋಗುವುದು, ಬೇಡದ ಅಂಕಣವೇ ಹೆಚ್ಚು ಜಾಗ ಹಿಡಿಯುವುದು ಸಾಮಾನ್ಯ. ಅಗಲಗಳನ್ನು ಸರಿಪಡಿಸಲು 2007ರ ಆವೃತ್ತಿಯಿಂದ ಇರುವ ಲೇಔಟ್ ವ್ಯೂ ಸಾಕು. ಮಾಹಿತಿ ಕಣ್ಣೆದುರಿಗೆ ಇರುವಾಗಲೇ ಅಂಕಣವನ್ನು ಎಳೆದು ಹೊಂದಿಸಬಹುದು.

ಅಸಲು ಕೆಲಸ ನಡೆಯುವುದು ವರದಿಯ ರಚನೆಯನ್ನೇ ಬದಲಿಸುವ ಡಿಸೈನ್ ವ್ಯೂನಲ್ಲಿ. ಮೊದಲು ಊರಿನ ಪ್ರಕಾರ, ಅದರೊಳಗೆ ರೈತರ ಖಾತೆಯ ಪ್ರಕಾರ ಗುಂಪು ಮಾಡಿ, ಖಾತೆಯ ಶಿರೋಭಾಗದಲ್ಲಿ ಹೆಸರನ್ನೂ ಅಡಿಭಾಗದಲ್ಲಿ ಮೊತ್ತವನ್ನೂ ಇಡಬೇಕು. ಆ ಅಡಿಭಾಗದ ‘ಫೋರ್ಸ್ ನ್ಯೂ ಪೇಜ್’ ಗುಣವನ್ನು (ಪ್ರಾಪರ್ಟಿ) ‘ಆಫ್ಟರ್ ಸೆಕ್ಷನ್’ ಎಂದು ಬದಲಿಸಿದರೆ ಪ್ರತಿ ರೈತರ ಲೆಕ್ಕ ಪ್ರತ್ಯೇಕ ಹಾಳೆಯಲ್ಲಿ ಬರುತ್ತದೆ. ಶಿಲ್ಕಿನ ಅಂಕಣಕ್ಕೆ ಆವಕದಿಂದ ಜಾವಕ ಕಳೆಯುವ ಸೂತ್ರ ಬರೆದು, ‘ರನ್ನಿಂಗ್ ಸಮ್’ ಗುಣವನ್ನು ‘ಓವರ್ ಗ್ರೂಪ್’ ಮಾಡಿದರೆ ಸಾಲಿನಿಂದ ಸಾಲಿಗೆ ಬಾಕಿ ತಾನಾಗಿಯೇ ಬೀಳುತ್ತದೆ. ಒಂದು ಸಾಲನ್ನೂ ಪ್ರೋಗ್ರಾಂ ಬರೆಯಬೇಕಿಲ್ಲ. ಆದರೆ ಆವಕವಿದ್ದ ದಿನ ಜಾವಕದ ಮನೆ ಖಾಲಿ ಇರುವುದರಿಂದ ಎರಡನ್ನೂ ಖಾಲಿ ಮನೆಯನ್ನು ಸೊನ್ನೆಯೆಂದು ಎಣಿಸುವ ಎನ್‌ಝಡ್ (Nz) ಫಂಕ್ಷನ್‌ನೊಳಗೆ ಇಡಲೇಬೇಕು, ಇಲ್ಲದಿದ್ದರೆ ವ್ಯವಕಲನದ ಉತ್ತರವೂ ಖಾಲಿಯಾಗುತ್ತದೆ. ವರದಿಗೆ ಮಾಹಿತಿ ಆರಿಸಿಕೊಡುವ ಕ್ವೆರಿಯಲ್ಲಿ ಕೊಟ್ಟ ಅನುಕ್ರಮವನ್ನೂ ವರದಿ ಪಾಲಿಸುತ್ತದೆಂದು ನಂಬಬಾರದು. ತಾರೀಖಿನ ಕ್ರಮವನ್ನು ವರದಿಯ ‘ಗ್ರೂಪ್, ಸಾರ್ಟ್ ಆ್ಯಂಡ್ ಟೋಟಲ್’ ಪಟ್ಟಿಯಲ್ಲಿಯೇ ನಿಗದಿಪಡಿಸಬೇಕು. ಇನ್ನೊಂದು ಗುಟ್ಟೆಂದರೆ, ಒಂದೇ ತಿಂಗಳ ವರದಿ ತೆಗೆದಾಗ ಈ ಶಿಲ್ಕು ಸೊನ್ನೆಯಿಂದ ಆರಂಭವಾಗುತ್ತದೆ, ಹಿಂದಿನ ಬಾಕಿಯನ್ನು ಬೇರೆ ಕ್ವೆರಿಯಿಂದ ತಂದು ಸೇರಿಸಬೇಕಾಗುತ್ತದೆ. ಲೆಕ್ಕದ ಜಗಳಗಳು ಹುಟ್ಟುವುದು ಬಹುತೇಕ ಇಲ್ಲಿಯೇ.

ಪುಟದ ಅಳತೆಯ ವಿಷಯದಲ್ಲಿ ಈ ತಂತ್ರಾಂಶಕ್ಕೆ ದಯೆಯಿಲ್ಲ. ಎ4 ಹಾಳೆಯ ಅಗಲ 210 ಮಿಲಿಮೀಟರ್. ವರದಿಯ ಅಗಲ ಮತ್ತು ಎರಡೂ ಬದಿಯ ಅಂಚು ಸೇರಿ ಅದನ್ನು ಮೀರಿದರೆ ಹಾಳೆಬಿಟ್ಟು ಹಾಳೆ ಖಾಲಿಯಾಗಿ ಹೊರಬರುತ್ತದೆ. ಪುಟದ ಅಡಿಭಾಗದಲ್ಲಿ ಮೊತ್ತದ ಸೂತ್ರ ಹಾಕಿದರೆ ಉತ್ತರದ ಬದಲು ‘ಎರರ್’ ಮುದ್ರಣವಾಗುತ್ತದೆ.

ಯೂನಿಕೋಡ್ ಕನ್ನಡ ಸರಿಯಾಗಿಯೇ ಮೂಡುತ್ತದೆ, ಆದರೆ ಇಂಗ್ಲಿಷಿನ ಅಂದಾಜಿಗೆ ಎಳೆದ ಬಾಕ್ಸಿನಲ್ಲಿ ‘ಸಿದ್ದಪ್ಪ’ನವರ ಒತ್ತಕ್ಷರಗಳು ಕತ್ತರಿಸಿಹೋಗಬಹುದು, ಎತ್ತರವನ್ನು ತುಸು ಧಾರಾಳವಾಗಿ ಕೊಡುವುದು ಒಳಿತು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಹೆಸರುಗಳು ಅಕಾರಾದಿಯಾಗಿ ಜೋಡಣೆಯಾಗುವುದಿಲ್ಲ, ಅವನ್ನು ಮೊದಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ಖರ್ಚಿನ ಬಗ್ಗೆ ಯೋಚಿಸುವವರು ಇದೇ ಬಗೆಯ ತಂತ್ರಾಂಶವಾದ ಲಿಬ್ರೆ ಆಫೀಸ್ ಬೇಸ್ ಅನ್ನೂ ನೋಡಬಹುದು. ಅದು ಉಚಿತ, ಆದರೆ ಅದರ ವರದಿ ವಿಭಾಗಕ್ಕೆ ಜಾವಾ ಎಂಬ ಬೇರೆ ತಂತ್ರಾಂಶ ಬೇಕು, ವಿನ್ಯಾಸದ ಕೆಲಸವೂ ನನ್ನ ಮಟ್ಟಿಗೆ ಆ್ಯಕ್ಸೆಸ್‌ನಷ್ಟು ಸಲೀಸಲ್ಲ. ಆ್ಯಕ್ಸೆಸ್ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ, ಆದರೂ ಎಲ್ಲ ಕಂಪ್ಯೂಟರ್‌ಗಳಿಗೂ ಅದನ್ನು ಕೊಳ್ಳಬೇಕಿಲ್ಲ: ವಿನ್ಯಾಸ ಬದಲಿಸುವ ಒಬ್ಬರ ಬಳಿ ಪೂರ್ಣ ಆವೃತ್ತಿ ಇದ್ದು, ಕೌಂಟರಿನಲ್ಲಿ ಹಾಳೆ ಮುದ್ರಿಸಿ ಕೊಡುವವರ ಬಳಿ ಸಿದ್ಧ ವರದಿಗಳನ್ನು ನಡೆಸಲಷ್ಟೇ ಬರುವ ಉಚಿತವಾದ ಆ್ಯಕ್ಸೆಸ್ ರನ್‌ಟೈಮ್ ಇದ್ದರೆ ಸಾಕಾಗುತ್ತದೆ.