ಸೀಲಿಂಗ್ ಹ್ಯಾಂಗರ್, ನಾಲ್ಕು ವರ್ಷ ಆದ್ಮೇಲೆ: ಪೈಪಿಗೆ ಫುಲ್ ಮಾರ್ಕ್ಸು, ಹಗ್ಗಕ್ಕೆ ಸೊನ್ನೆ

2021ರಲ್ಲಿ ಆಷಾಢ ಶುರುವಾಗೋಕೆ ಸ್ವಲ್ಪ ಮುಂಚೆ ತಗೊಂಡಿದ್ದು. ಬಾಲ್ಕನಿ ಸೀಲಿಂಗಿಗೆ ನೇತುಹಾಕಿ ಬಟ್ಟೆ ಒಣಗ್ಸೋದು: ಸ್ಟೀಲು, ಆರು ಪೈಪು, ರಾಟೆ, ಹಗ್ಗ, ಎಲ್ಲರ ಮನೇಲೂ ನೋಡಿರ್ತೀರ ಅದೇ. 2,400 ಕೊಟ್ಟೆ, ಡ್ರಿಲ್ ಹೊಡೆದು ಫಿಟ್ ಮಾಡ್ದೋನು ಮೇಲೆ 500 ಇಸ್ಕೊಂಡ. ಅದಕ್ಕೂ ಮುಂಚೆ ನೆಲದ ಮೇಲೆ ಬಿಚ್ಚಿಡೋ ಸ್ಟ್ಯಾಂಡ್ ಇತ್ತು, ಅದನ್ನ ಬಿಚ್ಚಿದ್ರೆ ಬಾಲ್ಕನಿಲಿ ಕಾಲಿಡೋಕೆ ಜಾಗ ಇಲ್ಲ, ಸರಿ ಗ್ರಿಲ್ ಮೇಲೆ ಹಾಕೋಣ ಅಂದ್ರೆ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಗ್ರೂಪಲ್ಲಿ ನಮ್ಮನೆ ಟವೆಲ್ ಫೋಟೋ ಸಮೇತ 'ಎಲಿವೇಶನ್ (ಬಿಲ್ಡಿಂಗಿನ ಹೊರನೋಟ) ಹಾಳಾಗ್ತಿದೆ' ಅಂತ ಮೆಸೇಜು. ಡ್ರೈಯರ್ ತಗೊಳೋ ಅಂದ ತಮ್ಮ. ಹೋಮ್ ಲೋನ್ ಕಟ್ಟೋನಿಗೆ ಬಟ್ಟೆ ಒಣಗ್ಸೋಕೂ ಒಂದು ಇಎಂಐ ಬೇಕಾ ಅಂತ ಸುಮ್ನಾದೆ.

ಮೊದಲ ವರ್ಷ ಎಲ್ಲರ ಥರಾನೇ ಬಳಸಿದ್ವಿ. ಪೈಪ್ ಇಳಿಸು, ಬಟ್ಟೆ ಹಾಕು, ಸೀಲಿಂಗಿಗೆ ಮುಟ್ಟೋವರೆಗೂ ಎಳೆದು ಕಟ್ಟು. ಬಟ್ಟೆ ಒಣಗ್ತಿತ್ತು, ಆದ್ರೆ ಜೀನ್ಸ್ ಸೊಂಟದ ಹತ್ರ, ದಿಂಬಿನ ಕವರ್ ಮೂಲೆಲೆಲ್ಲ ಯಾವಾಗ್ಲೂ ಒಂದು ತಣ್ಣನೆ ಪಸೆ. ಒಂದು ಡಿಸೆಂಬರಲ್ಲಿ ಅಮ್ಮ ಬಂದಾಗ ಎರಡು ಪೈಪ್ ಪೂರ್ತಿ ಎಳೆಯೋಕೆ ಆಗ್ದೆ ಅರ್ಧಕ್ಕೇ ಬಿಟ್ಟು ಒಳಗೋದ್ರು. ಮಧ್ಯಾಹ್ನ ನೋಡಿದ್ರೆ ಆ ಎರಡು ಪೈಪಿನ ಬಟ್ಟೆ ಮಾತ್ರ ಗರಿಗರಿ! ಅವತ್ತೇ ತಲೆಗೆ ಹೊಳೆದಿದ್ದು. ನಮ್ಮದು ದಕ್ಷಿಣದ ಬಾಲ್ಕನಿ (ವಾಸ್ತು ಸರಿ ಇಲ್ಲ ಅಂತ ಇಬ್ಬರು ಬಿಟ್ಟುಹೋಗಿದ್ದಕ್ಕೆ ನಮಗೆ ಸ್ವಲ್ಪ ಕಮ್ಮಿಗೆ ಸಿಕ್ಕಿದ್ದು), ಮೇಲ್ಗಡೆ ಮನೆಯ ಸ್ಲ್ಯಾಬೇ ನಮ್ಮ ಚಾವಣಿ, ಹಂಗಾಗಿ ಸೀಲಿಂಗಿಗೆ ಅಂಟ್ಕೊಂಡ ಪೈಪಿಗೆ ವರ್ಷಪೂರ್ತಿ ನೆರಳೇ. ಇಳಿಸಿದ್ರೆ ಬಿಸಿಲು.

ಆಮೇಲೆ ಇದು ನನಗೊಂದು ಹುಚ್ಚಾಯ್ತು ಅನ್ನಿ. ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಬಿಸಿಲು ಎಲ್ಲಿಗೆ ಬಿದ್ದಿದೆ ನೋಡೋದು, ಅಲ್ಲಿಗೆ ಪೈಪ್ ಇಳಿಸೋದು, ಹಗ್ಗಾನ ಗೋಡೆ ಕೊಕ್ಕೆಗೆ ಎಂಟರ ಥರ ಸುತ್ತೋದು, ಮತ್ತೆ ಹನ್ನೊಂದಕ್ಕೆ ಮೀಟಿಂಗ್ ಮಧ್ಯೆ ಮ್ಯೂಟ್ ಮಾಡಿ ಬಂದು ಅರ್ಧ ಅಡಿ ಅಡ್ಜಸ್ಟ್ ಮಾಡೋದು. ಡಿಸೆಂಬರ್ ಜನವರಿಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನಲ್ಲ, ಬಿಸಿಲು ಒಳಗಿನ ಗೋಡೆವರೆಗೂ ಬರುತ್ತೆ, ಸ್ವಲ್ಪ ಇಳಿಸಿದ್ರೂ ಸಾಕು. ಫೆಬ್ರವರಿಗೆ ಎದೆ ಮಟ್ಟಕ್ಕೆ ಇಳಿಸಬೇಕು. ಮಾರ್ಚ್ ಕೊನೆಗೆ ಅಂಚಿನ ಒಂದೇ ಪೈಪಿಗೆ ಒಂಚೂರು ಬಿಸಿಲು. ಏಪ್ರಿಲ್ 24ರ ಹೊತ್ತಿಗೆ ಬೆಂಗಳೂರಲ್ಲಿ ಶೂನ್ಯ ನೆರಳಿನ ದಿನ ಬರುತ್ತೆ, ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ, ಅಲ್ಲಿಂದ ಮತ್ತೆ ಆಗಸ್ಟ್ 18ರ ಸುಮಾರಿಗೆ ನೆತ್ತಿಗೆ ಬರೋವರೆಗೂ ಅವನು ನಮಗೆ ಉತ್ತರಕ್ಕೇ ಇರ್ತಾನೆ. ಅಂದ್ರೆ ದಕ್ಷಿಣದ ಬಾಲ್ಕನಿಗೆ ಹೆಚ್ಚುಕಮ್ಮಿ ನಾಲ್ಕು ತಿಂಗಳು ನೇರ ಬಿಸಿಲು ಸೊನ್ನೆ. ಹೊರಗೆ ಮೇ ತಿಂಗಳ ಧಗೆ, ನಮ್ಮ ಬಾಲ್ಕನಿಲಿ ನೆರಳು. ಮನೆ ತಗೊಳೋವಾಗ ಯಾವ ಬ್ರೋಕರ್ ಬಾಯಲ್ಲೂ ಇದು ಬರಲ್ಲ.

ಹಂಗಂತ ಆಷಾಢದಲ್ಲಿ ಬಟ್ಟೆ ಒಣಗಲ್ಲ ಅಂತಲ್ಲ. ಬೆಂಗಳೂರಿನ ಆಷಾಢ ಅಂದ್ರೆ ಗಾಳಿ, ಜೋರು ಮಳೆ ಏನಿದ್ರೂ ಸೆಪ್ಟೆಂಬರ್ ಅಕ್ಟೋಬರಿಗೆ. ಆಷಾಢದಲ್ಲಿ ಉಲ್ಟಾ, ಪೈಪನ್ನ ಮೇಲಕ್ಕೆ ಎಳೀಬೇಕು. ಕೆಳಗೆ ಪ್ಯಾರಾಪೆಟ್ ಗೋಡೆ ಗಾಳಿ ತಡೆಯುತ್ತೆ, ಮೇಲ್ಗಡೆ ಪಟಪಟ ಅಂತ ಬಡ್ಕೊಂಡು ಮೂರು ಗಂಟೇಲಿ ಒಣಗಿಬಿಡುತ್ತೆ. ಕ್ಲಿಪ್ ಮರೆತ್ರೆ ಮಾತ್ರ ಬನಿಯನ್ನು ಸೆಕ್ಯೂರಿಟಿ ಕ್ಯಾಬಿನ್ ಹತ್ರ ಹುಡುಕ್ಕೋಬೇಕು.

ಅಮ್ಮ ತೀರ್ಥಹಳ್ಳಿ ಕಡೆಯವರು. ಮಳೆಗಾಲದಲ್ಲಿ ಬಚ್ಚಲ ಒಲೆ ಮೇಲೆ ಬಿದಿರ ಗಳ ಕಟ್ಟಿ ಬಟ್ಟೆ ಒಣಗ್ಸಿ, ಹೊಗೆ ವಾಸನೆ ಯೂನಿಫಾರ್ಮಲ್ಲೇ ಸ್ಕೂಲಿಗೆ ಹೋದೋರು. ಈ ಹ್ಯಾಂಗರ್ ನೋಡಿ 'ಗಳಕ್ಕೆ ರಾಟೆ ಕಟ್ಟಿ ದುಡ್ಡು ಇಸ್ಕೊಂಡಿದಾರಲ್ಲೋ' ಅಂದ್ರು. ಈಗ ಪ್ರತಿ ಫೆಬ್ರವರಿ ಬಂದು ಎರಡು ಪೈಪಿನ ಮಧ್ಯೆ ಹಳೇ ಪಂಚೆ ಬಿಗಿದು ಅದರ ಮೇಲೆ ಸಂಡಿಗೆ ಇಡ್ತಾರೆ, ಟೆರೇಸಿಗೆ ಬೀಗ ಹಾಕಿರೋ ಅಸೋಸಿಯೇಷನ್‌ನ ಬೈಕೊಂಡು.

ಇಲ್ಲೀವರೆಗೂ ಹೊಗಳಿದೆ. ಇನ್ನು ಹಗ್ಗ. ಅಂಥ ಪೈಪ್ ಕೊಟ್ಟು ಅದಕ್ಕೆ ಶೂ ಲೇಸ್ ಥರದ ಹಗ್ಗ ಕಟ್ಟಿರೋ ಪುಣ್ಯಾತ್ಮ ಯಾರು ಅಂತ ಗೊತ್ತಾಗ್ಬೇಕು ನನಗೆ. ಎರಡನೇ ವರ್ಷಕ್ಕೇ ರಾಟೆ ಹತ್ರ ನಾರು ಎದ್ದಿತ್ತು, ನಡೆಯುತ್ತೆ ಬಿಡು ಅಂತ ಬಿಟ್ಟಿದ್ದು ನನ್ನ ತಪ್ಪೇ. 2024 ಜೂನ್ 2, ಭಾನುವಾರ, ಬೆಂಗಳೂರಿಗೆ ಒಂದೇ ದಿನ 111 ಮಿ.ಮೀ. ಮಳೆ ಸುರೀತಲ್ಲ, ಅವತ್ತು ಸಂಜೆ ಇರಚಲಿಗೆ ಡಬಲ್ ಬೆಡ್‌ಶೀಟು ನೆಂದು ಭಾರ ಆಗಿ ಹಗ್ಗ ಫಟ್ ಅಂತು, ಪೈಪ್ ಒಂದು ಕಡೆ ಜಾರಿ ತುಳಸಿ ಪಾಟ್ ಎರಡು ಹೋಳು. ಮಗಳು ಒಂದು ನಿಮಿಷ ಮುಂಚೆ ಅಲ್ಲೇ ನಿಂತು ಮಳೆ ವಿಡಿಯೋ ಮಾಡ್ತಿದ್ಲು. ಮಾರಿದೋರಿಗೆ ಫೋನ್ ಮಾಡಿದ್ರೆ ಹಗ್ಗ ಬಿಡಿಯಾಗಿ ಕೊಡಲ್ಲ, ಪೂರ್ತಿ ಸೆಟ್ ತಗೊಳ್ಳಿ ಅಂದ್ರು. ನಾನೇನು ತಗೊಳ್ಳಿಲ್ಲ. ರೋಡ್ ಕೊನೆ ಹಾರ್ಡ್‌ವೇರ್ ಅಂಗಡೀಲಿ ಹೆಣೆದ ನೈಲಾನ್ ಹಗ್ಗ ಮೀಟರಿಗೆ 12 ರೂಪಾಯಿ, ಆರೂ ಪೈಪಿಗೆ ನಾನೇ ಹೊಸದು ಪೋಣಿಸ್ದೆ, ಅರ್ಧ ಭಾನುವಾರ ಹೋಯ್ತು, ಕತ್ತು ಎರಡು ದಿನ ಹಿಡ್ಕೊಂಡಿತ್ತು.

ಅಂಗಡಿಯೋರು ಹೇಳ್ಕೊಟ್ಟ ಒಂದು ಉಪಾಯ ಚೆನ್ನಾಗಿದೆ. ಹಗ್ಗ ಹರಿಯೋದು ಯಾವಾಗ್ಲೂ ರಾಟೆ ಮೇಲೆ ಕೂರೋ ಜಾಗದಲ್ಲೇ. ಆರು ತಿಂಗಳಿಗೊಮ್ಮೆ ಪೈಪಿನ ಕಡೆ ತುದೀಲಿ ನಾಲ್ಕು ಬೆರಳಷ್ಟು ಕತ್ತರಿಸಿ ಮತ್ತೆ ಗಂಟು ಹಾಕಿದ್ರೆ ಉಜ್ಜೋ ಜಾಗ ಬದಲಾಗುತ್ತೆ. ಕಟ್ಟೋವಾಗ್ಲೇ ಎರಡಡಿ ಜಾಸ್ತಿ ಬಿಟ್ಕೊಂಡಿರಿ.

ತಗೊಳೋದಾದ್ರೆ ತಗೊಳ್ಳಿ, ಆದ್ರೆ ಮೊದಲನೇ ದಿನವೇ ಅವರು ಕೊಟ್ಟ ಹಗ್ಗ ಬಿಚ್ಚಿ ಎಸೀರಿ. ಬೆಡ್‌ಶೀಟನ್ನ ಎರಡು ಪೈಪಿಗೆ ಹಂಚಿ ಹಾಕಿ. ನಮ್ಮನೇಲಿ ಐದನೇ ಪೈಪಿನ ಹಗ್ಗದಲ್ಲಿ ನಿನ್ನೆ ಮತ್ತೆ ನಾರು ಕಾಣಿಸ್ತು, ಈ ಭಾನುವಾರ ಸ್ಟೂಲ್ ಹತ್ತಬೇಕು.