ತೋಟದ ಲೆಕ್ಕಕ್ಕೆ ಯಾವ ನೋಟ್ಸ್ ಆಪ್? ಮೊಬೈಲಿನಲ್ಲಿ ಅಬ್ಸಿಡಿಯನ್ ಬಳಸಿದ ಅನುಭವ

ಅಡಿಕೆ ತೋಟಕ್ಕೆ ಮದ್ದು ಹೊಡೆಸಿದ ದಿನ, ಕೂಲಿ ಲೆಕ್ಕ, ಪಂಪ್‌ಸೆಟ್ ರಿಪೇರಿ, ಕೊನೆಕೊಯ್ಲಿನ (ಅಡಿಕೆ ಗೊನೆ ಕೊಯ್ಯುವ) ವಿವರ ಎಲ್ಲವನ್ನೂ ನಾನು ಮೊಬೈಲಿನಲ್ಲೇ ಬರೆದಿಡುತ್ತೇನೆ. ಅದಕ್ಕೆ ಬಳಸುವುದು ಅಬ್ಸಿಡಿಯನ್ ಎಂಬ ಆಪ್. ಅದರ ಮೊಬೈಲ್ ಆವೃತ್ತಿ ಬಂದದ್ದು 2021ರ ಜುಲೈನಲ್ಲಿ. ನಾನು ಶುರು ಮಾಡಿದ್ದು ಅದಾದ ಸ್ವಲ್ಪ ಕಾಲಕ್ಕೆ. ಈಗ ಬೇರೆ ಆಪ್ ಹುಡುಕುವ ಯೋಚನೆಯೇ ಇಲ್ಲ.

ನೋಟ್ಸ್ ಆಪ್ ಆರಿಸುವಾಗ ಬಣ್ಣ, ಅಂದಚೆಂದ ಎಲ್ಲ ಆಮೇಲೆ. ನೀವು ಬರೆದದ್ದು ಎಲ್ಲಿ ಉಳಿಯುತ್ತದೆ, ನಾಳೆ ಆ ಆಪ್ ನಿಂತುಹೋದರೆ ಅದು ನಿಮ್ಮ ಕೈಗೆ ಸಿಗುತ್ತದಾ ಅಂತ ಮೊದಲು ನೋಡಿ. ತೋಟದ ವಿಷಯ ಒಂದು ವರ್ಷಕ್ಕೆ ಮುಗಿಯುವುದಿಲ್ಲ. ಈ ಮಳೆಗಾಲ ಅಡಿಕೆಗೆ ಕೊಳೆ ರೋಗ ಜಾಸ್ತಿಯಾದರೆ, ಹಿಂದಿನ ವರ್ಷಗಳಲ್ಲಿ ಮೊದಲ ಮದ್ದು ಯಾವಾಗ ಹೊಡೆಸಿದ್ದು, ಎರಡನೆಯದಕ್ಕೆ ಎಷ್ಟು ದಿನ ತಡವಾಯಿತು ಅಂತ ಹಿಂದೆ ತಿರುಗಿ ನೋಡಲೇಬೇಕು.

ಎವರ್‌ನೋಟ್ ನೆನಪಿದೆ ಅಲ್ವಾ? 2008ರಲ್ಲಿ ಬಂದ ಆಪ್. ಒಂದು ಕಾಲಕ್ಕೆ ನೋಟ್ಸ್ ಅಂದರೆ ಅದೇ ಅನ್ನುವಷ್ಟು ಹೆಸರು ಮಾಡಿತ್ತು. 2023ರ ಆರಂಭದಲ್ಲಿ ಅದು ಇಟಲಿಯ ಬೆಂಡಿಂಗ್ ಸ್ಪೂನ್ಸ್ ಕಂಪನಿಯ ಕೈಗೆ ಹೋಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಉಚಿತ ಖಾತೆಗೆ 50 ನೋಟ್, ಒಂದು ನೋಟ್‌ಬುಕ್ ಎಂಬ ಮಿತಿ ಬಂತು. ಕಂಪನಿ ನಡೆಸುವವರಿಗೆ ಅವರದ್ದೇ ಕಾರಣಗಳಿರುತ್ತವೆ. ಆದರೆ ನಿಯಮ ಬದಲಾದ ದಿನ ಬರೆದವರ ಕೈಯಲ್ಲಿ ಏನು ಉಳಿದಿರುತ್ತದೆ ಅನ್ನುವುದು ನನಗೆ ಮುಖ್ಯ.

ಅಬ್ಸಿಡಿಯನ್‌ನಲ್ಲಿ ಒಂದೊಂದು ನೋಟೂ ನಿಮ್ಮ ಮೊಬೈಲಿನ ಫೋಲ್ಡರಿನಲ್ಲಿರುವ ಒಂದೊಂದು ಫೈಲು. ಆ ಫೋಲ್ಡರಿಗೆ ವಾಲ್ಟ್ ಅನ್ನುತ್ತಾರೆ. ಒಳಗಿರುವುದು ಬರೀ ಅಕ್ಷರ. ತಲೆಬರಹ, ಪಟ್ಟಿ ಮಾಡಲು ಮಾರ್ಕ್‌ಡೌನ್ ಎಂಬ ಸರಳ ಗುರುತುಗಳನ್ನು ಬಳಸುತ್ತದೆ. ಮಾರ್ಕ್‌ಡೌನ್ 2004ರಿಂದ ಇದೆ, ಈ ಆಪ್‌ಗಿಂತ ತುಂಬಾ ಹಳೆಯದು. ಅಬ್ಸಿಡಿಯನ್ ತೆಗೆದುಹಾಕಿದರೂ ಯಾವುದೇ ಟೆಕ್ಸ್ಟ್ ಎಡಿಟರಿನಲ್ಲಿ ಈ ಫೈಲು ತೆರೆದು ಓದಬಹುದು. ಆಂಡ್ರಾಯ್ಡ್‌ನವರು ಒಂದು ಎಚ್ಚರ ವಹಿಸಿ. ವಾಲ್ಟ್ ಮಾಡುವಾಗ ಅದನ್ನು ಫೋನಿನ ಸಾಮಾನ್ಯ ಫೋಲ್ಡರಿನಲ್ಲೇ ಇಡಿ. ಆಪ್‌ನ ಒಳಗಿನ ಜಾಗದಲ್ಲಿಟ್ಟರೆ, ಆಪ್ ಅಳಿಸಿದ ದಿನ ನೋಟ್ಸೂ ಅದರ ಜೊತೆಗೇ ಹೋಗುತ್ತದೆ.

ತೋಟದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಫೈಲು ಫೋನಿನಲ್ಲೇ ಇರುವುದರಿಂದ ಅದರ ಚಿಂತೆಯೇ ಇಲ್ಲ. ಕೊಳೆಗೆ ಹೊಡೆಯುವ ಮದ್ದು ಬೋರ್ಡೋ ದ್ರಾವಣ ಮಾಡುವ ಕಡೆ ನಿಂತೇ ಬರೆಯುತ್ತೇನೆ: "ಮೇಲಿನ ತೋಟ. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಕತ್ತಿಗೆ ತಾಮ್ರದ ಬಣ್ಣ ಬಂತು, ಸುಣ್ಣ ಇನ್ನೂ ಸ್ವಲ್ಪ ಹಾಕಿದೆ. ಮಧ್ಯಾಹ್ನದ ಮೇಲೆ ಮಳೆ." ಮೈಲುತುತ್ತದ ತಾಮ್ರ ಕತ್ತಿಗೆ ಅಂಟಿದರೆ ಸುಣ್ಣ ಸಾಲದು ಅಂತ ಅರ್ಥ. ಮುಂದಿನ ವರ್ಷ ಅದೇ ಅಂಗಡಿಯ ಸುಣ್ಣ ತಂದಾಗ ಈ ಸಾಲು ಬಹಳ ಉಪಯೋಗಕ್ಕೆ ಬರುತ್ತದೆ. ನೋಟಿನ ತಲೆಬರಹವೇ ಫೈಲಿನ ಹೆಸರು, ಹಾಗಾಗಿ 12/6/2024 ಅಂತ ಬರೆಯಲು ಬಿಡುವುದಿಲ್ಲ. ಹೆಸರಿನಲ್ಲಿ ಓರೆಗೆರೆ ಬರುವ ಹಾಗಿಲ್ಲ. 2024-06-12 ಅಂತ ಬರೆದರೆ ಎಲ್ಲವೂ ತಾರೀಖಿನ ಪ್ರಕಾರ ಸಾಲಾಗಿಯೂ ನಿಲ್ಲುತ್ತವೆ.

ಕನ್ನಡದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬರೆಯಲು, ಓದಲು, ಫೈಲಿಗೆ ಕನ್ನಡದಲ್ಲೇ ಹೆಸರಿಡಲು ತೊಂದರೆ ಇಲ್ಲ. ತೊಡಕು ಬರುವುದು ಹುಡುಕುವಾಗ. "ಪಂಪ್‌ಸೆಟ್" ಅಂತ ಬರೆಯುವಾಗ ಪ್ ಮತ್ತು ಸೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರುತ್ತದೆ. ಅದನ್ನು ಬಿಟ್ಟರೆ "ಪಂಪ್ಸೆಟ್" ಆಗುತ್ತದೆ. ನಮಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೆ ಹೋಗಬಹುದು. ಸುಮ್ನೆ "ಪಂಪ್" ಅಂತಷ್ಟೇ ಹುಡುಕಿ, ಎರಡೂ ಬರುತ್ತವೆ. ಟ್ರ್ಯಾಕ್ಟರ್‌ಗೆ, ಬ್ಯಾಂಕ್‌ನಲ್ಲಿ ಇಂಥ ಪದಗಳಿಗೂ ಇದೇ ಉಪಾಯ. ಇದು ಒಂದು ಆಪ್‌ನ ದೋಷವಲ್ಲ, ಯಾವ ಆಪ್ ಹಾಕಿಕೊಂಡರೂ ಮೊದಲು ಹೀಗೆ ಪರೀಕ್ಷೆ ಮಾಡಿ ನೋಡಿ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳಿದ್ದರೆ, ಈಗ ಎಲ್ಲ ಕಡೆ ಬಳಸುವ ಯೂನಿಕೋಡ್‌ಗೆ ಬದಲಿಸಿಕೊಂಡೇ ಹಾಕಿ. ಇಲ್ಲದಿದ್ದರೆ ತೆರೆದಾಗ ಅರ್ಥವಿಲ್ಲದ ಗುರುತುಗಳಷ್ಟೇ ಕಾಣುತ್ತವೆ.

ಟೈಪ್ ಮಾಡುವುದೇ ಬೇಸರ ಅನ್ನುವವರು ಕೀಬೋರ್ಡಿನ ಮೈಕ್ ಒತ್ತಿ ಮಾತಾಡಬಹುದು. ಗೂಗಲ್‌ನ ಧ್ವನಿ ಟೈಪಿಂಗ್‌ಗೆ ಕನ್ನಡ ಸೇರಿದ್ದು 2017ರಲ್ಲಿ. ನಮ್ಮ ಕಡೆಯ ಪದಗಳನ್ನು ಆಮೇಲೆ ಕೈಯಲ್ಲಿ ತಿದ್ದಿಕೊಳ್ಳಬೇಕು.

ಅಬ್ಸಿಡಿಯನ್ ಎಲ್ಲರಿಗೂ ಸರಿ ಅಂತ ನಾನು ಹೇಳುವುದಿಲ್ಲ. ಸಂತೆಗೆ ಹೋಗುವಾಗ ಸಾಮಾನಿನ ಪಟ್ಟಿ ಬೇಕು, ಮನೆಯವರೂ ತಮ್ಮ ಫೋನಿನಿಂದ ಅದಕ್ಕೆ ಸೇರಿಸಬೇಕು ಅಂದರೆ ಗೂಗಲ್ ಕೀಪ್ ಸಾಕು. ನಾನೂ ಆ ಕೆಲಸಕ್ಕೆ ಅದನ್ನೇ ಇಟ್ಟುಕೊಂಡಿದ್ದೇನೆ. 2013ರಿಂದ ಇದೆ, ಉಚಿತ, ಬೇಗ ತೆರೆಯುತ್ತದೆ. ಬರೆದದ್ದನ್ನು ಗೂಗಲ್ ಟೇಕ್‌ಔಟ್ ಮೂಲಕ ಇಳಿಸಿಕೊಳ್ಳಲೂಬಹುದು. ಎರಡು ಮೂರು ಸಾಧನಗಳಲ್ಲಿ ಒಂದೇ ನೋಟ್ಸ್ ಬೇಕು, ದುಡ್ಡು ಕೊಡುವ ಮನಸ್ಸಿಲ್ಲ ಅನ್ನುವವರು ಜಾಪ್ಲಿನ್ ನೋಡಿ. ಅದು ಮುಕ್ತ ತಂತ್ರಾಂಶ (ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದು), ಡ್ರಾಪ್‌ಬಾಕ್ಸ್ ಅಥವಾ ಒನ್‌ಡ್ರೈವ್ ಜೊತೆ ಹೊಂದಿಕೊಳ್ಳುತ್ತದೆ, ಬೀಗ ಹಾಕಿದ ಹಾಗೆ ಗುಪ್ತವಾಗಿಯೂ ಕಳಿಸುತ್ತದೆ. ಆದರೆ ಅದರ ನೋಟ್ಸ್ ಬಿಡಿ ಫೈಲುಗಳಾಗಿ ಫೋಲ್ಡರಿನಲ್ಲಿ ಕಾಣುವುದಿಲ್ಲ, ಹೊರಗೆ ತೆಗೆಯಲು ಎಕ್ಸ್‌ಪೋರ್ಟ್ ಮಾಡಬೇಕು. ಅಬ್ಸಿಡಿಯನ್ ಉಚಿತವಾದರೂ ಮುಕ್ತ ತಂತ್ರಾಂಶವಲ್ಲ. ಸಾಧನಗಳ ನಡುವೆ ನೋಟ್ಸ್ ಹೊಂದಿಸುವ ಅವರ ಸಿಂಕ್ ಸೇವೆಗೆ ತಿಂಗಳ ಬಾಡಿಗೆ ಇದೆ. ನಾನು ಅದನ್ನು ತೆಗೆದುಕೊಂಡಿಲ್ಲ. ಆಗಾಗ ಕೇಬಲ್ ಹಾಕಿ ಇಡೀ ಫೋಲ್ಡರನ್ನು ಲ್ಯಾಪ್‌ಟಾಪಿಗೆ ಕಾಪಿ ಮಾಡುತ್ತೇನೆ. ಹೊಸ ಫೋನ್ ತಂದಾಗಲೂ ಅದೇ ಫೋಲ್ಡರನ್ನು ಹಾಕಿದೆ, ಎಲ್ಲವೂ ಹಾಗೇ ಬಂತು.

ಹೊಸದಾಗಿ ಶುರು ಮಾಡುವವರಿಗೆ ಇನ್ನೊಂದು ಮಾತು. ಅಬ್ಸಿಡಿಯನ್‌ಗೆ ಹೆಚ್ಚಿನ ಸೌಲಭ್ಯ ಸೇರಿಸುವ ಸಾವಿರಾರು ಪ್ಲಗಿನ್‌ಗಳಿವೆ. ಅವನ್ನು ಮೊದಲೇ ಹಾಕಿಕೊಳ್ಳಲು ಹೋಗಬೇಡಿ. ಸಾಧಾರಣ ಫೋನಿನಲ್ಲಿ ಆಪ್ ತೆರೆಯುವುದು ನಿಧಾನವಾಗುತ್ತದೆ. ಆಪ್ ಜೊತೆಗೇ ಬರುವ ದಿನಚರಿ ನೋಟ್ ಒಂದಿದ್ದರೆ ನನ್ನ ಕೆಲಸಕ್ಕೆ ಸಾಕಾಗಿದೆ.